ರಕ್ತವಾಂತಿಗೆ ಬ್ಯಾಂಡಾ, ಇಂಜೆಕ್ಷನ್ನಾ, ಗ್ಲೂನಾ? ಶ್ವಾಸಕೋಶದ ಕಡೆಯಿಂದ ಒಂದು ಹೋಲಿಕೆ

ಲಿವರ್ ಸಿರೋಸಿಸ್, ಅಂದ್ರೆ ಲಿವರ್ ಕಲೆಕಟ್ಟಿ ಗಟ್ಟಿಯಾಗೋ ಕಾಯಿಲೆ, ಇರೋರು ಇದ್ದಕ್ಕಿದ್ದಂಗೆ ರಕ್ತ ವಾಂತಿ ಮಾಡ್ಕೊಂಡು ಆಸ್ಪತ್ರೆಗೆ ಬಂದಾಗ ಮನೆಯವರು ಕೇಳೋದು ಒಂದೇ ಪ್ರಶ್ನೆ, ರಕ್ತ ನಿಲ್ಲತ್ತಾ ಅಂತ. ಆ ಹೊತ್ತಲ್ಲಿ ಬೇರೆ ಏನು ತಾನೇ ತೋಚತ್ತೆ. ನಾನು ಎಂಡೋಸ್ಕೋಪಿ ರೂಮಲ್ಲಿ ನರ್ಸ್ ಆಗಿ ತುಂಬಾ ವರ್ಷ ಕೆಲಸ ಮಾಡಿದೀನಿ, ಡಾಕ್ಟರು ಹೊರಗೆ ಬಂದು "ಬ್ಯಾಂಡ್ ಹಾಕಿದೀವಿ, ರಕ್ತ ನಿಂತಿದೆ" ಅಂದಾಗ ಮನೆಯವರ ಮುಖಕ್ಕೆ ಜೀವ ಬರೋದನ್ನ ನೋಡಿದೀನಿ, ಎರಡು ದಿನ ಬಿಟ್ಟು ಅದೇ ಜನ ಐಸಿಯು ಬಾಗಿಲಲ್ಲಿ ನಿಂತು "ರಕ್ತ ನಿಂತಿದೆ ಅಂದ್ರಲ್ಲ ಸಿಸ್ಟರ್, ಮತ್ತೆ ಯಾಕೆ ಉಸಿರಾಡೋಕೆ ಇಷ್ಟು ಕಷ್ಟಪಡ್ತಿದಾರೆ" ಅಂತ ಕೇಳಿದ್ದನ್ನೂ ನೋಡಿದೀನಿ. ಆ ಎರಡನೇ ಪ್ರಶ್ನೆಗೋಸ್ಕರ ಇದನ್ನ ಬರೀತಿದೀನಿ.

ಅನ್ನನಾಳದ ಉಬ್ಬಿದ ರಕ್ತನಾಳಗಳಿಗೆ, ಅಂದ್ರೆ ವೇರಿಸಿಸ್‌ಗೆ, ಸ್ಕೋಪ್ (ಬಾಯಿಂದ ಇಳಿಸೋ ಕ್ಯಾಮೆರಾ ಪೈಪ್) ಮೂಲಕ ಮಾಡೋ ಚಿಕಿತ್ಸೆಗಳನ್ನ, ಅಂದ್ರೆ ರಬ್ಬರ್ ಬ್ಯಾಂಡ್ ಹಾಕೋದು, ನಾಳ ಮುಚ್ಚೋ ಔಷಧಿ ಚುಚ್ಚೋದು, ಗ್ಲೂ ಅನ್ನೋ ಅಂಟು ಹಾಕೋದು, ಇವನ್ನ ಜನ ರಕ್ತ ನಿಲ್ಲೋ ಲೆಕ್ಕದಲ್ಲಿ ಮಾತ್ರ ಹೋಲಿಸ್ತಾರೆ. ಆದ್ರೆ ಒಂದೊಂದೂ ಶ್ವಾಸಕೋಶಕ್ಕೆ ಮಾಡೋ ತೊಂದರೆ ಬೇರೆ ಬೇರೆ ಥರದ್ದು, ಬರೋ ಹೊತ್ತೂ ಬೇರೆ. ಮೊದಲೇ ಆಸ್ತಮಾ, ಸಿಓಪಿಡಿ (ಶ್ವಾಸನಾಳ ಕಿರಿದಾಗೋ ದೀರ್ಘಕಾಲದ ಕಾಯಿಲೆ), ಎದೆಯಲ್ಲಿ ನೀರು, ಹಾರ್ಟ್ ತೊಂದರೆ ಇರೋರಿಗಂತೂ ಈ ವ್ಯತ್ಯಾಸ ತುಂಬಾ ಮುಖ್ಯ.

ಅನ್ನನಾಳಕ್ಕೆ ಮಾಡಿದ್ದು ಲಂಗ್ಸ್‌ಗೆ ಯಾಕೆ ಹೋಗತ್ತೆ ಅಂತ ಮೊದಲು ಹೇಳ್ಬಿಡ್ತೀನಿ, ಇದು ಗೊತ್ತಾದ್ರೆ ಮುಂದಿನದೆಲ್ಲ ತಾನಾಗೇ ಅರ್ಥ ಆಗತ್ತೆ. ಲಿವರ್ ಗಟ್ಟಿಯಾದಾಗ ಹೊಟ್ಟೆ ಕರುಳಿನಿಂದ ಲಿವರ್‌ಗೆ ಬರೋ ಪೋರ್ಟಲ್ ರಕ್ತನಾಳದಲ್ಲಿ ಒತ್ತಡ ಜಾಸ್ತಿ ಆಗತ್ತೆ, ಮುಂದಿನ ದಾರಿ ಕಟ್ಟಿರೋದ್ರಿಂದ ರಕ್ತ ಅಡ್ಡದಾರಿ ಹಿಡಿಯತ್ತೆ. ಆ ಅಡ್ಡದಾರಿಗಳಲ್ಲಿ ಒಂದು ಅನ್ನನಾಳದ ಗೋಡೆಯೊಳಗಿನ ಸಣ್ಣ ಸಣ್ಣ ನಾಳಗಳು, ಅವೇ ಉಬ್ಬಿ ಬೆರಳಿನಷ್ಟು ದಪ್ಪ ಆಗ್ಬಹುದು. ಅಲ್ಲಿಂದ ರಕ್ತ ಅಝೈಗಸ್ ಅನ್ನೋ ನಾಳಕ್ಕೆ ಹೋಗಿ, ಹಾರ್ಟಿನ ಬಲಗಡೆ ಸೇರಿ, ಅಲ್ಲಿಂದ ಸೀದಾ ಶ್ವಾಸಕೋಶಕ್ಕೆ. ಹಾಗಾಗಿ ಆ ನಾಳದೊಳಗೆ ಚುಚ್ಚಿದ ಔಷಧಿ ಅಲ್ಲೇ ನಿಲ್ಲದೆ ಜಾರಿದ್ರೆ ಮೊದಲು ಸಿಗೋ ಜರಡಿ ಅಂದ್ರೆ ಲಂಗ್ಸೇ. ಇನ್ನೊಂದು ಕಡೆಯಿಂದ ನೋಡಿದ್ರೆ ಅನ್ನನಾಳ ಎದೆಯ ನಟ್ಟನಡುವೆ ಎರಡೂ ಶ್ವಾಸಕೋಶಗಳ ಮಧ್ಯೆ ಇಳಿಯೋದು, ಅದರ ಗೋಡೆ ಕೆರಳಿದ್ರೆ ಪಕ್ಕದಲ್ಲಿರೋ ಶ್ವಾಸಕೋಶದ ಹೊದಿಕೆಗೂ ಉರಿ ತಟ್ಟತ್ತೆ. ಮೂರನೇ ದಾರಿ ಎಲ್ಲರಿಗೂ ಗೊತ್ತಿರೋದು, ಬಾಯಿ. ವಾಂತಿ ಆದ ರಕ್ತ ಹೊರಗೆ ಬರೋ ಬದಲು ಉಸಿರಿನ ಕೊಳವೆಗೆ ಇಳಿಯೋದು. ಸ್ಕೋಪ್ ಆದ್ಮೇಲೆ ಬರೋ ಲಂಗ್ಸ್ ತೊಂದರೆಗಳಲ್ಲಿ ಮನುಷ್ಯನನ್ನ ಹೆಚ್ಚು ಕಾಡೋದು ಈ ಮೂರನೇದು ಅನ್ನೋದು ನನ್ನ ಅನುಭವ, ಅದಕ್ಕೇ ಅಲ್ಲಿಂದಲೇ ಶುರು ಮಾಡ್ತೀನಿ.

ಮೊದಲ ಆಯ್ಕೆ: ಗಂಟಲಿಗೆ ಟ್ಯೂಬ್ ಹಾಕಿ ಸ್ಕೋಪ್ ಮಾಡೋದಾ, ಹಾಗೇ ಮಾಡೋದಾ

ಬ್ಯಾಂಡಾ ಗ್ಲೂನಾ ಅನ್ನೋದಕ್ಕಿಂತ ಮುಂಚೆ ಬರೋ ಪ್ರಶ್ನೆ ಇದು. ರಕ್ತ ಹರೀತಾ ಇರೋ ರೋಗಿಯ ಹೊಟ್ಟೆಯಲ್ಲಿ ಅರ್ಧ ಲೀಟರ್, ಒಂದು ಲೀಟರ್ ಹೆಪ್ಪುಗಟ್ಟಿದ ರಕ್ತ ಇರ್ಬಹುದು. ಸ್ಕೋಪ್ ಇಳಿದ ತಕ್ಷಣ ಓಕರಿಕೆ, ಬಾಯಲ್ಲಿ ಕಚ್ಚಿಸಿರೋ ಪ್ಲಾಸ್ಟಿಕ್ ಬೈಟ್ ಬ್ಲಾಕ್ ಸುತ್ತ ಕಪ್ಪು ಕೆಂಪು ರಕ್ತ ಉಕ್ಕತ್ತೆ, ನನ್ನ ಒಂದು ಕೈ ರೋಗಿಯ ಗದ್ದದ ಕೆಳಗೆ ಇನ್ನೊಂದು ಕೈಯಲ್ಲಿ ಸಕ್ಷನ್ ಪೈಪ್, ಕೆನ್ನೆಯ ಒಳಗೆ ನಿಂತಿದ್ದನ್ನ ಎಳೀತಾನೇ ಇರ್ಬೇಕು, ಮೂರು ಸೆಕೆಂಡ್ ಕಣ್ಣು ಮಾನಿಟರ್ ಕಡೆ ಹೋದ್ರೆ ಗೊರಗೊರ ಶಬ್ದ ಕೇಳ್ಸತ್ತೆ, ಆ ಶಬ್ದ ಬಂತು ಅಂದ್ರೆ ಒಂದಿಷ್ಟು ಆಗಲೇ ಕೆಳಗೆ ಇಳಿದಿದೆ ಅಂತ ಲೆಕ್ಕ.

ಪೂರ್ತಿ ಎಚ್ಚರ ಇದ್ದು, ಹೇಳಿದ್ದು ಕೇಳಿ, ತಾವೇ ಕೆಮ್ಮಿ ಉಗಿಯೋ ಶಕ್ತಿ ಇರೋರಿಗೆ ಎಡ ಮಗ್ಗುಲಲ್ಲಿ ಮಲಗಿಸಿ, ತಲೆ ಕಡೆ ಸ್ವಲ್ಪ ಎತ್ತರ ಮಾಡಿ, ಕಡಿಮೆ ಮಂಪರು ಕೊಟ್ಟು ಮಾಡ್ಬಹುದು. ಆದ್ರೆ ರಕ್ತ ಇನ್ನೂ ವಾಂತಿ ಆಗ್ತಾನೇ ಇದ್ರೆ, ಅಥವಾ ಲಿವರ್‌ನಿಂದಾಗಿ ಪ್ರಜ್ಞೆ ಮಸುಕಾಗಿ ಏನೇನೋ ಮಾತಾಡ್ತಿದ್ರೆ, ಮೊದಲು ಗಂಟಲಿಗೆ ಉಸಿರಿನ ಟ್ಯೂಬ್ ಹಾಕಿ ಆಮೇಲೆ ಸ್ಕೋಪ್. 2021ರಲ್ಲಿ ಸೇರಿದ ಬವೆನೋ 7, ಅಂದ್ರೆ ಪೋರ್ಟಲ್ ಒತ್ತಡದ ಬಗ್ಗೆ ನಡೆಯೋ ಅಂತರರಾಷ್ಟ್ರೀಯ ಸಭೆ, ಅದರ ತಜ್ಞರ ಒಮ್ಮತದಲ್ಲೂ ಇದನ್ನೇ ಹೇಳಿರೋದು, ಜೊತೆಗೆ ಸ್ಕೋಪ್ ಮುಗಿದ ಮೇಲೆ ಆ ಟ್ಯೂಬನ್ನ ಆದಷ್ಟು ಬೇಗ ತೆಗೀರಿ ಅಂತಾನೂ ಹೇಳಿದಾರೆ. ಆ ಎರಡನೇ ಭಾಗ ತುಂಬಾ ಜನ ಮರೆತುಬಿಡ್ತಾರೆ. ಟ್ಯೂಬ್ ಹಾಕಿದ್ರೆ ಪೂರ್ತಿ ಸೇಫ್ ಅಂತ ಅಂದ್ಕೋಬೇಡಿ, ವೆಂಟಿಲೇಟರಿನಲ್ಲಿ ದಿನಗಟ್ಟಲೆ ಇದ್ರೆ ಅದರಿಂದಲೇ ನ್ಯುಮೋನಿಯಾ ಬರತ್ತೆ, ಎಲ್ಲರಿಗೂ ಕಣ್ಣು ಮುಚ್ಚಿ ಟ್ಯೂಬ್ ಹಾಕಿದ ಕಡೆ ನ್ಯುಮೋನಿಯಾ ಕಡಿಮೆ ಆಗೋ ಬದಲು ಜಾಸ್ತಿ ಕಂಡುಬಂದ ಅಧ್ಯಯನಗಳೂ ಇವೆ. ಅದರಲ್ಲಿ ಟ್ಯೂಬ್ ಹಾಕಿಸ್ಕೊಂಡೋರು ಮೊದಲೇ ಹೆಚ್ಚು ಸೀರಿಯಸ್ ಇದ್ರು ಅನ್ನೋದನ್ನೂ ಲೆಕ್ಕಕ್ಕೆ ತಗೋಬೇಕು. ಹಾಗಾಗಿ ನೀವು ಕೇಳ್ಬೇಕಾದ ಪ್ರಶ್ನೆ "ಟ್ಯೂಬ್ ಬೇಕಾ ಬೇಡ್ವಾ" ಅಂತಲ್ಲ, "ಇವರು ತಮ್ಮ ಉಸಿರಿನ ದಾರಿ ತಾವೇ ಕಾಪಾಡ್ಕೋತಾರಾ" ಅಂತ. ಡಾಕ್ಟರು ಇಲ್ಲ ಅಂದ್ರೆ ಟ್ಯೂಬಿಗೆ ಹೆದರ್ಕೊಂಡು ಸಹಿ ಹಾಕೋಕೆ ಹಿಂದೆ ಮುಂದೆ ನೋಡ್ಬೇಡಿ, ಅಲ್ಲಿ ಕಳೆಯೋ ಅರ್ಧ ಗಂಟೆ ತುಂಬಾ ದುಬಾರಿ.

ಸ್ಕೋಪ್‌ಗೆ 30ರಿಂದ 120 ನಿಮಿಷ ಮುಂಚೆ ಎರಿಥ್ರೋಮೈಸಿನ್ 250 ಮಿಲಿಗ್ರಾಂ ನರಕ್ಕೆ ಕೊಟ್ರೆ ಹೊಟ್ಟೆ ಬೇಗ ಖಾಲಿ ಆಗತ್ತೆ, ಇಸಿಜಿಯಲ್ಲಿ ಕ್ಯೂಟಿ (ಹಾರ್ಟಿನ ಬಡಿತದ ಒಂದು ಅಂತರ) ಉದ್ದ ಇಲ್ಲ ಅಂದ್ರೆ ಇದನ್ನ ಕೊಡೋದುಂಟು. ಸ್ಕೋಪ್ ಅನ್ನ ರೋಗಿ ಬಂದ 12 ಗಂಟೆ ಒಳಗೆ ಮಾಡ್ಬೇಕು, ಆದ್ರೆ ಮೊದಲು ಬಿಪಿ ಉಸಿರು ಸರಿಮಾಡ್ಕೊಂಡು ಆಮೇಲೆ. ಬಂದ ತಕ್ಷಣ ಸ್ಕೋಪ್ ರೂಮಿಗೆ ತಳ್ಳಲಿಲ್ಲ ಅಂತ ಗಲಾಟೆ ಮಾಡೋರನ್ನ ನೋಡಿದೀನಿ, ಅವರ ಸಂಕಟ ಅರ್ಥ ಆಗತ್ತೆ, ಆದ್ರೆ ಆ ಒಂದೆರಡು ಗಂಟೆ ಉಸಿರಿನ ದಾರಿ ಭದ್ರ ಮಾಡೋಕೆ ಹೋಗಿರತ್ತೆ.

ಬ್ಯಾಂಡ್ ಮತ್ತೆ ಸ್ಕ್ಲೆರೋಥೆರಪಿ ಇಂಜೆಕ್ಷನ್

ಇಂಜೆಕ್ಷನ್ ಹಳೇದು. 1939ರಲ್ಲೇ ಸ್ವೀಡನ್ನಿನ ಕ್ರಾಫೋರ್ಡ್ ಮತ್ತೆ ಫ್ರೆಂಕ್ನರ್ ಗಟ್ಟಿ ಸ್ಕೋಪ್ ಇಳಿಸಿ ಉಬ್ಬಿದ ನಾಳಕ್ಕೆ ಔಷಧಿ ಚುಚ್ಚಿದ್ರು, ಆಮೇಲೆ ಮೂಲೆ ಸೇರಿ 1970ರ ದಶಕದಲ್ಲಿ ಮತ್ತೆ ಬಳಕೆಗೆ ಬಂತು. ಎಥನಾಲಮೈನ್ ಓಲಿಯೇಟ್, ಸೋಡಿಯಂ ಟೆಟ್ರಾಡೆಸೈಲ್, ಸೋಡಿಯಂ ಮೊರುಯೇಟ್, ಪಾಲಿಡೊಕನಾಲ್, ಬರೀ ಆಲ್ಕೋಹಾಲ್, ಹೀಗೆ ಬೇರೆ ಬೇರೆ ಔಷಧಿ ಬಳಸ್ತಾರೆ, ಕೆಲಸ ಮಾತ್ರ ಒಂದೇ, ನಾಳದ ಒಳಗೋಡೆಯನ್ನ ಬೇಕಂತಲೇ ಸುಟ್ಟಂಗೆ ಮಾಡಿ ರಕ್ತ ಹೆಪ್ಪುಗಟ್ಟಿಸಿ ನಾಳ ಮುಚ್ಚಿಹೋಗೋ ಥರ ಮಾಡೋದು.

ಬ್ಯಾಂಡಿಂಗ್ ಬಂದಿದ್ದು 1980ರ ದಶಕದ ಕೊನೇಲಿ, ಅಮೆರಿಕದ ಸ್ಟೀಗ್‌ಮನ್ ಅನ್ನೋ ಸರ್ಜನ್ನಿಂದ. ಪೈಲ್ಸ್‌ಗೆ ರಬ್ಬರ್ ಬ್ಯಾಂಡ್ ಹಾಕೋದನ್ನೇ ಅನ್ನನಾಳಕ್ಕೆ ತಂದಿದ್ದು. ಸ್ಕೋಪಿನ ತುದಿಗೆ ಪಾರದರ್ಶಕ ಕ್ಯಾಪ್ ಇರತ್ತೆ, ಉಬ್ಬಿದ ನಾಳವನ್ನ ಅದರೊಳಗೆ ಸಕ್ಷನ್‌ನಿಂದ ಎಳ್ಕೊಂಡು, ಹಿಡಿಕೆ ತಿರುಗಿಸಿದ್ರೆ ಬ್ಯಾಂಡ್ ಟಪ್ ಅಂತ ಬುಡಕ್ಕೆ ಕೂರತ್ತೆ. ನಾಳ ಒಳಗೆ ಬಂದಾಗ ಸ್ಕ್ರೀನ್ ಪೂರ್ತಿ ಕೆಂಪಾಗತ್ತೆ, ಬ್ಯಾಂಡ್ ಬಿಟ್ಟು ಗಾಳಿ ಊದಿದ್ರೆ ನೇರಳೆ ಬಣ್ಣದ ದ್ರಾಕ್ಷಿ ಹಣ್ಣಿನ ಥರ ಒಂದು ಗುಂಡು ನೇತಾಡ್ತಿರತ್ತೆ. ಎಷ್ಟು ಸಾರಿ ನೋಡಿದ್ರೂ ಆ ಗುಂಡು ಕಂಡಾಗ ಎದೆ ಹಗುರ ಆಗತ್ತೆ ನಂಗೆ.

ಶ್ವಾಸಕೋಶದ ಲೆಕ್ಕಕ್ಕೆ ಬಂದ್ರೆ ಇವೆರಡರ ಮಧ್ಯೆ ಭೂಮಿ ಆಕಾಶದಷ್ಟು ಅಂತರ. ಇಂಜೆಕ್ಷನ್ ಔಷಧಿ ಎರಡು ಕಡೆ ಸೋರತ್ತೆ. ನಾಳದ ಹೊರಗೆ, ಅನ್ನನಾಳದ ಗೋಡೆ ದಾಟಿ ಎದೆಯ ನಡುಭಾಗಕ್ಕೆ ಇಳಿದ್ರೆ ಅಲ್ಲಿ ಉರಿಯೂತ, ಅದರ ಪಕ್ಕದ ಶ್ವಾಸಕೋಶದ ಹೊದಿಕೆಯಲ್ಲಿ ನೀರು. ಹಳೇ ಅಧ್ಯಯನಗಳಲ್ಲಿ ಇಂಜೆಕ್ಷನ್ ಆದ್ಮೇಲೆ ಒಂದೆರಡು ದಿನದಲ್ಲಿ ಎಕ್ಸ್‌ರೇ ತೆಗೆದು ನೋಡಿದಾಗ ಹತ್ತಿರ ಹತ್ತಿರ ಅರ್ಧದಷ್ಟು ಸಲ ಹೀಗೆ ನೀರು ಕಂಡಿದೆ. ಕೇಳೋಕೆ ಭಯ ಆಗತ್ತೆ, ಆದ್ರೆ ಅದರಲ್ಲಿ ಬಹುಪಾಲು ಸ್ವಲ್ಪವೇ ಸ್ವಲ್ಪ, ತಾನಾಗೇ ಇಂಗಿಹೋಗತ್ತೆ, ರೋಗಿಗೆ ಎದೆ ಮೂಳೆ ಹಿಂದೆ ನೋವು, ಸಣ್ಣ ಜ್ವರ ಬಿಟ್ರೆ ಏನೂ ಗೊತ್ತಾಗಲ್ಲ. ಶ್ವಾಸಕೋಶದ ತಳಭಾಗ ಸ್ವಲ್ಪ ಮುದುಡಿಕೊಳ್ಳೋದೂ ಹಾಗೇ, ನೋವಿಗೆ ಹೆದರಿ ದೀರ್ಘ ಉಸಿರು ಎಳೀದೇ ಮಲಗಿದ್ರೆ ಅದು ಜಾಸ್ತಿ ಆಗತ್ತೆ.

ಇನ್ನೊಂದು ಸೋರಿಕೆ ನಾಳದ ಒಳಗಿಂದಲೇ, ಅಝೈಗಸ್ ದಾರಿಯಲ್ಲಿ ಶ್ವಾಸಕೋಶಕ್ಕೆ. ಸೋಡಿಯಂ ಮೊರುಯೇಟ್ ಹಾಕಿದ ಮೇಲೆ ಎರಡೂ ಲಂಗ್ಸ್ ಒದ್ದೆ ಸ್ಪಂಜಿನ ಥರ ಆಗಿ, ಉಸಿರಾಟವೇ ಕುಸಿಯೋ ಎಆರ್‌ಡಿಎಸ್ ಆದ ಕೇಸುಗಳು 1980ರ ದಶಕದಿಂದಲೂ ವರದಿ ಆಗಿವೆ. ಅಪರೂಪ, ಆದ್ರೆ ಹಾಗೇನಾದ್ರೂ ಆದ್ರೆ ವೆಂಟಿಲೇಟರ್ ಬೇಕಾಗತ್ತೆ. ಇನ್ನೂ ಅಪರೂಪಕ್ಕೆ ಆಳವಾದ ಹುಣ್ಣಾಗಿ ಅನ್ನನಾಳ ತೂತಾಗೋದು, ಎದೆಯೊಳಗೆ ಸೋಂಕು, ಅನ್ನನಾಳಕ್ಕೂ ಉಸಿರಿನ ಕೊಳವೆಗೂ ಮಧ್ಯೆ ದಾರಿ ಆಗಿಬಿಡೋದು. ಔಷಧಿಯ ಪ್ರಮಾಣ ಜಾಸ್ತಿ ಆದಷ್ಟೂ ಈ ಅಪಾಯಗಳು ಏರ್ತಾ ಹೋಗತ್ತೆ, ಅದಕ್ಕೇ ಒಂದು ಸಲಕ್ಕೆ ಒಟ್ಟು ಎಷ್ಟು ಮಿಲಿಲೀಟರ್ ಹೋಯ್ತು ಅಂತ ನಾವು ಗಟ್ಟಿಯಾಗಿ ಎಣಿಸಿ ಬರ್ಕೊಳೋದು.

ಬ್ಯಾಂಡಿನಲ್ಲಿ ಒಳಗೆ ಹೋಗೋ ಔಷಧಿಯೇ ಇಲ್ಲ, ಸೋರೋಕೆ ಏನಿದೆ? ಹಾಗಾಗಿ ಈ ನೀರು ತುಂಬೋದು, ಎಆರ್‌ಡಿಎಸ್, ಎಲ್ಲ ಅದರಲ್ಲಿ ತೀರಾ ಕಡಿಮೆ. ಉಳಿಯೋದು ರಕ್ತ ಉಸಿರಿನ ಕೊಳವೆಗೆ ಇಳಿಯೋ ಅಪಾಯ, ಅದು ಯಾವ ಸ್ಕೋಪ್ ಮಾಡಿದ್ರೂ ಇದ್ದೇ ಇರತ್ತೆ. 1992ರಲ್ಲಿ ಸ್ಟೀಗ್‌ಮನ್ ಮತ್ತೆ ಜೊತೆಗಾರರು 129 ರೋಗಿಗಳಲ್ಲಿ ಎರಡನ್ನೂ ಹೋಲಿಸಿದಾಗ ಚಿಕಿತ್ಸೆಯಿಂದಾದ ತೊಂದರೆ ಇಂಜೆಕ್ಷನ್ ಗುಂಪಲ್ಲಿ 100ಕ್ಕೆ 22, ಬ್ಯಾಂಡ್ ಗುಂಪಲ್ಲಿ 100ಕ್ಕೆ 2, ಸಾವೂ ಬ್ಯಾಂಡ್ ಕಡೆ ಕಡಿಮೆ. ಆಮೇಲೆ ಬಂದ ಅಧ್ಯಯನಗಳೂ ಅದೇ ದಾರಿ ಹಿಡಿದವು, ಈಗ ಅನ್ನನಾಳದ ವೇರಿಸಿಸ್‌ಗೆ ಮೊದಲ ಆಯ್ಕೆ ಬ್ಯಾಂಡೇ. ನಿಮಗೆ ಎರಡೂ ಸಿಗೋ ಕಡೆ ಇದ್ದೀರಿ, ರೋಗಿಯ ಲಂಗ್ಸ್ ಮೊದಲೇ ವೀಕ್ ಅಂದ್ರೆ, ನನ್ನ ಪ್ರಕಾರ ಯೋಚನೆ ಮಾಡೋ ಅಂಥದ್ದೇ ಇಲ್ಲ, ಬ್ಯಾಂಡ್.

ಹಾಗಂತ ಇಂಜೆಕ್ಷನ್ ಮಾಡಿದ್ರು ಅಂತ ಡಾಕ್ಟರನ್ನ ಬೈಬೇಡಿ. ರಕ್ತ ಪಿಚಕಾರಿ ಥರ ಚಿಮ್ತಾ ಇದ್ರೆ ಬ್ಯಾಂಡಿನ ಕ್ಯಾಪ್ ಒಳಗೆ ರಕ್ತ ತುಂಬಿ ಏನೂ ಕಾಣಲ್ಲ, ಕ್ಯಾಪ್ ಇರೋದ್ರಿಂದ ನೋಟದ ಜಾಗವೂ ಕಿರಿದಾಗಿರತ್ತೆ. ಹಲವು ಸಲ ಬ್ಯಾಂಡ್ ಹಾಕಿ ಗಾಯದ ಕಲೆ ಕಟ್ಟಿರೋ ಜಾಗದಲ್ಲಿ ನಾಳ ಕ್ಯಾಪ್ ಒಳಗೆ ಎಳೆಯೋಕೂ ಬರಲ್ಲ. ಪುಟ್ಟ ಮಕ್ಕಳ ಅನ್ನನಾಳಕ್ಕೆ ಬ್ಯಾಂಡ್ ಸೆಟ್ ಇಳಿಯೋದೇ ಇಲ್ಲ. ಅಂಥ ಕಡೆ ಸೂಜಿಯೇ ಗತಿ. ಆಗ ಮನೆಯವರು ಮಾಡ್ಬೇಕಾದ್ದು ಇಷ್ಟೇ, ಮುಂದಿನ ಎರಡು ಮೂರು ದಿನ ಎದೆ ನೋವು, ಜ್ವರ, ಉಸಿರಿನ ಕಡೆ ಹೆಚ್ಚು ಗಮನ.

ಗ್ಲೂ: ಇಲ್ಲಿ ಭಯ ಬೇರೆ ಥರದ್ದು

ಜಠರದ ಮೇಲ್ಭಾಗದಲ್ಲಿ, ಅಂದ್ರೆ ಫಂಡಸ್‌ನಲ್ಲಿ ಉಬ್ಬಿದ ನಾಳಗಳು ದೊಡ್ಡದು, ಬ್ಯಾಂಡ್ ಹಿಡಿಯಲ್ಲ, ಅಲ್ಲಿ ಸಯನೋಅಕ್ರಿಲೇಟ್ ಅನ್ನೋ ಅಂಟು ಹಾಕ್ತಾರೆ. 1986ರಲ್ಲಿ ಜರ್ಮನಿಯ ಸೋಹೇಂದ್ರ ಮತ್ತೆ ತಂಡ ಇದನ್ನ ವರದಿ ಮಾಡಿದ್ರು. ರಕ್ತ ತಾಗಿದ ತಕ್ಷಣ ಕಲ್ಲಾಗೋ ದ್ರವ ಇದು. ನಾವು ಎಲ್ಲರೂ ಕನ್ನಡಕ ಹಾಕ್ಕೋತೀವಿ, ರೋಗಿಯ ಕಣ್ಣಿಗೂ ಬಟ್ಟೆ ಮುಚ್ತೀವಿ, ಸೂಜಿಗೆ ಮೊದಲು ಡಿಸ್ಟಿಲ್ಡ್ ವಾಟರ್ ಅಥವಾ ಲಿಪಿಯಡಾಲ್ ಎಣ್ಣೆ ತುಂಬ್ತೀವಿ, ಅಲ್ಲಿ ಸಲೈನ್ ತುಂಬಿದ್ರೆ ಅಂಟು ಪೈಪಿನಲ್ಲೇ ಗಟ್ಟಿ ಆಗ್ಬಿಡತ್ತೆ. ಡಾಕ್ಟರು "ಗ್ಲೂ" ಅಂದ ಕೂಡಲೆ ತಳ್ಳು, "ವಾಟರ್" ಅಂದ ಕೂಡಲೆ ಇನ್ನೊಂದು ಸಿರಿಂಜ್ ತಳ್ಳು, ಸೂಜಿ ಹೊರಗೆ, ಎಲ್ಲ ಕೆಲವೇ ಸೆಕೆಂಡಲ್ಲಿ ಮುಗೀಬೇಕು.

ತೊಂದರೆ ಎಲ್ಲಿ ಅಂದ್ರೆ, ಫಂಡಸ್‌ನ ನಾಳಗಳಲ್ಲಿ ತುಂಬಾ ಜನಕ್ಕೆ ಎಡ ಕಿಡ್ನಿಯ ರಕ್ತನಾಳಕ್ಕೆ ಸೇರೋ ದೊಡ್ಡ ಅಡ್ಡದಾರಿ ಇರತ್ತೆ. ಅಂಟು ಗಟ್ಟಿ ಆಗೋದಕ್ಕೆ ಮುಂಚೆ ರಕ್ತದ ಜೊತೆ ಆ ದಾರಿಲಿ ಓಡಿದ್ರೆ ಹಾರ್ಟ್ ಮೂಲಕ ಶ್ವಾಸಕೋಶದ ನಾಳದಲ್ಲಿ ಹೋಗಿ ಸಿಕ್ಕಿಹಾಕ್ಕೊಳ್ಳತ್ತೆ, ಪಲ್ಮನರಿ ಎಂಬಾಲಿಸಂ ಅಂತೀವಲ್ಲ ಅದೇ. ಇಂಜೆಕ್ಷನ್ನಿನ ಥರ ನಿಧಾನಕ್ಕೆ ಒಂದೆರಡು ದಿನಕ್ಕೆ ಬರೋದಲ್ಲ ಇದು, ಸಾಮಾನ್ಯವಾಗಿ ಆಗ ಆಗಲೇ ಗೊತ್ತಾಗತ್ತೆ. ಒಬ್ಬರು ಹೆಂಗಸಿಗೆ ಗ್ಲೂ ಹಾಕಿ ಸೂಜಿ ತೆಗೆದು ಒಂದು ನಿಮಿಷ ಆಗಿರಲಿಲ್ಲ, ಮಂಪರಲ್ಲೇ ಎರಡು ಸಣ್ಣ ಒಣ ಕೆಮ್ಮು ಕೆಮ್ಮಿದ್ರು, ಅಷ್ಟೇ, ನಾನು ಸ್ಯಾಚುರೇಷನ್, ಅಂದ್ರೆ ರಕ್ತದಲ್ಲಿನ ಆಕ್ಸಿಜನ್ ಮಟ್ಟ, ನೋಡಿದ್ರೆ 97 ಇದ್ದದ್ದು ಇಳೀತಾ 88ಕ್ಕೆ ಬಂದಿತ್ತು. ಆಕ್ಸಿಜನ್ ಜಾಸ್ತಿ ಮಾಡಿ, ಐಸಿಯುಗೆ ಕಳ್ಸಿ, ಸಿಟಿ ತೆಗೆದಾಗ ಶ್ವಾಸಕೋಶದ ನಾಳದೊಳಗೆ ಬಿಳೀ ಚುಕ್ಕೆ ಸಾಲು ಹೊಳೀತಾ ಇತ್ತು, ಲಿಪಿಯಡಾಲ್ ಸೇರಿಸಿದ್ರೆ ಎಕ್ಸ್‌ರೇಯಲ್ಲೂ ಹಾಗೆ ಕಾಣತ್ತೆ. ಅವರು ನಾಲ್ಕು ದಿನಕ್ಕೆ ಆಕ್ಸಿಜನ್ ಇಲ್ಲದೆ ನಡ್ಕೊಂಡು ಹೋದ್ರು. ಎಲ್ಲರಿಗೂ ಅಷ್ಟು ಸುಲಭಕ್ಕೆ ಮುಗಿಯಲ್ಲ, ದೊಡ್ಡ ತುಂಡು ಹೋದ್ರೆ ಜೀವಕ್ಕೇ ಅಪಾಯ, ಹಾರ್ಟಿನ ಗೋಡೆಯಲ್ಲಿ ಸಣ್ಣ ತೂತಿರೋರಿಗೆ ಅದು ಮೆದುಳಿಗೂ ಹೋಗ್ಬಹುದು.

ಇದು ರಕ್ತದ ಹೆಪ್ಪಲ್ಲ ಅನ್ನೋದು ನೆನಪಿರ್ಲಿ. ರಕ್ತ ತೆಳು ಮಾಡೋ ಔಷಧಿ ಕೊಟ್ರೆ ಅಂಟು ಕರಗಲ್ಲ, ಮೇಲಾಗಿ ಆಗಷ್ಟೇ ರಕ್ತ ನಿಂತಿರೋರಿಗೆ ಅದು ಅಪಾಯ. ಆಕ್ಸಿಜನ್, ಬಿಪಿ ನೋಡ್ಕೊಳ್ಳೋದು, ಕಾಯೋದು, ಹೆಚ್ಚಾಗಿ ಅಷ್ಟೇ.

ಹಾಗಾದ್ರೆ ಗ್ಲೂ ಬೇಡ್ವಾ? ಬೇಕು. ಫಂಡಸ್ಸಿನ ರಕ್ತಸ್ರಾವಕ್ಕೆ ಬ್ಯಾಂಡಿಗಿಂತ ಗ್ಲೂ ಒಳ್ಳೇದು, ಅಲ್ಲಿ ಬ್ಯಾಂಡ್ ಕಳಚಿ ಬಿದ್ರೆ ಮತ್ತೆ ಭಯಂಕರ ರಕ್ತಸ್ರಾವ ಆಗ್ಬಹುದು. ಅಪಾಯ ಕಡಿಮೆ ಮಾಡೋಕೆ ಒಂದು ಚುಚ್ಚಿಗೆ ಸುಮಾರು 1 ಮಿಲಿಲೀಟರ್ ಮೀರದ ಹಾಗೆ ಹಾಕ್ತಾರೆ, ಎಣ್ಣೆ ಜಾಸ್ತಿ ಬೆರೆಸಿದ್ರೆ ಅಂಟು ಗಟ್ಟಿಯಾಗೋದು ನಿಧಾನ ಆಗಿ ಜಾರೋ ಸಾಧ್ಯತೆ ಜಾಸ್ತಿ. ತುರ್ತು ಇಲ್ಲದೆ ಇದ್ರೆ, ಎರಡನೇ ಸಲದ ಚಿಕಿತ್ಸೆ ಅಂದ್ರೆ, ಮೊದಲು ಸಿಟಿ ತೆಗೆದು ಅಡ್ಡದಾರಿ ಎಷ್ಟು ದೊಡ್ಡದಿದೆ ನೋಡಿದೀರಾ ಅಂತ ಖಂಡಿತ ಕೇಳಿ. ದಾರಿ ದೊಡ್ಡದಿದ್ರೆ ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಇಟ್ಕೊಂಡು ಮೊದಲು ನಾಳದೊಳಗೆ ಕಾಯಿಲ್ ಅನ್ನೋ ಸಣ್ಣ ಲೋಹದ ಸುರುಳಿ ಬಿಟ್ಟು ಆಮೇಲೆ ಗ್ಲೂ ಹಾಕೋದುಂಟು, ಕಾಯಿಲ್ ಬಲೆ ಥರ ಅಂಟನ್ನ ಹಿಡಿದಿಡತ್ತೆ, ಗ್ಲೂನೂ ಕಡಿಮೆ ಸಾಕು. ಇಲ್ಲಾಂದ್ರೆ ಬಿಆರ್‌ಟಿಓ ಅಂತ, ತೊಡೆಯ ಅಥವಾ ಕುತ್ತಿಗೆಯ ನಾಳದಿಂದ ಹೋಗಿ ಆ ಅಡ್ಡದಾರಿಯನ್ನೇ ಬಲೂನಿನಿಂದ ಮುಚ್ಚಿ ಹಿಂದಿನಿಂದ ಔಷಧಿ ತುಂಬೋದು. ಬಿಆರ್‌ಟಿಓದಲ್ಲಿ ಪೋರ್ಟಲ್ ಒತ್ತಡ ಏರತ್ತೆ, ಎದೆಯಲ್ಲಿ ನೀರು, ಹೊಟ್ಟೆ ನೀರು ಮೊದಲೇ ಇದ್ದೋರಿಗೆ ಅದು ಜಾಸ್ತಿ ಆಗ್ಬಹುದು, ಅನ್ನನಾಳದ ನಾಳಗಳೂ ಉಬ್ಬಬಹುದು. ಟಿಪ್ಸ್ ಅನ್ನೋ ಇನ್ನೊಂದು ಚಿಕಿತ್ಸೆ ಇದಕ್ಕೆ ಉಲ್ಟಾ, ಅದನ್ನ ಮುಂದೆ ಹೇಳ್ತೀನಿ.

ಏನು ಮಾಡಿದ್ರೂ ರಕ್ತ ನಿಲ್ಲದಿದ್ರೆ: ಬಲೂನಾ, ಸ್ಟೆಂಟಾ

1950ರಲ್ಲಿ ಬಂದ ಸೆಂಗ್‌ಸ್ಟೇಕನ್ ಬ್ಲೇಕ್‌ಮೋರ್ ಟ್ಯೂಬ್ ಇವತ್ತಿಗೂ ಕಪಾಟಿನಲ್ಲಿ ಇರತ್ತೆ. ಮೂಗು ಅಥವಾ ಬಾಯಿಂದ ಇಳಿಸಿ ಬಲೂನ್ ಊದಿ ನಾಳವನ್ನ ಒತ್ತಿ ಹಿಡಿಯೋದು. ರಕ್ತ ನಿಲ್ಲತ್ತೆ, ಆದ್ರೆ ಉಸಿರಿನ ಲೆಕ್ಕದಲ್ಲಿ ನಂಗೆ ಎಲ್ಲಕ್ಕಿಂತ ಭಯ ಹುಟ್ಟಿಸೋ ಸಾಧನ ಇದೇ. ಅನ್ನನಾಳ ಮುಚ್ಚಿರೋದ್ರಿಂದ ಎಂಜಲು ಕೂಡ ಕೆಳಗೆ ಹೋಗಲ್ಲ, ಎಲ್ಲ ಉಸಿರಿನ ಕಡೆಗೆ, ಹಾಗಾಗಿ ಗಂಟಲಿಗೆ ಉಸಿರಿನ ಟ್ಯೂಬ್ ಮೊದಲೇ ಹಾಕಿರಲೇಬೇಕು. ಬಲೂನ್ ಮೇಲಕ್ಕೆ ಜಾರಿದ್ರೆ ಗಂಟಲನ್ನೇ ಮುಚ್ಚತ್ತೆ, ಅದಕ್ಕೇ ರೋಗಿಯ ತಲೆ ಹತ್ರ ಒಂದು ಕತ್ತರಿ ಟೇಪ್ ಹಾಕಿ ಅಂಟಿಸಿರ್ತೀವಿ, ಹಾಗಾದ್ರೆ ತಕ್ಷಣ ಟ್ಯೂಬ್ ಕತ್ತರಿಸಿ ಬಲೂನ್ ಖಾಲಿ ಮಾಡೋಕೆ. ಐಸಿಯುನಲ್ಲಿ ಆ ಕತ್ತರಿ ಕಂಡ್ರೆ ಗಾಬರಿ ಆಗ್ಬೇಡಿ, ಅದು ಇರೋದೇ ಒಳ್ಳೇದು. ಇದನ್ನ 24 ಗಂಟೆಗಿಂತ ಹೆಚ್ಚು ಇಡಬಾರದು.

ಇನ್ನೊಂದು ದಾರಿ ತಾನಾಗೇ ಅರಳೋ ಮೆಟಲ್ ಸ್ಟೆಂಟ್, ಹೊದಿಕೆ ಇರೋದು, ಒಂದು ವಾರದವರೆಗೆ ಇಡಬಹುದು, ಎಂಜಲು ಒಳಗಿಂದ ಇಳಿಯೋಕೆ ದಾರಿ ಇರತ್ತೆ. 2016ರಲ್ಲಿ ಬಂದ ಹೋಲಿಕೆ ಅಧ್ಯಯನದಲ್ಲಿ ಬಲೂನಿಗಿಂತ ಸ್ಟೆಂಟಿನಲ್ಲಿ ರಕ್ತ ಹೆಚ್ಚು ಹತೋಟಿಗೆ ಬಂತು, ಗಂಭೀರ ತೊಂದರೆನೂ ಕಡಿಮೆ. ಇದರಲ್ಲೂ ಒಂದು ವಿಷಯ ಇದೆ, ಅರಳಿದ ಸ್ಟೆಂಟ್ ಕೆಲವೊಮ್ಮೆ ಮುಂದಿರೋ ಎಡ ಶ್ವಾಸನಾಳವನ್ನ ಒತ್ತಿಬಿಡತ್ತೆ, ಸ್ಟೆಂಟ್ ಹಾಕಿದ ಮೇಲೆ ಹೊಸದಾಗಿ ಉಸಿರಿನ ಕಷ್ಟ ಶುರು ಆದ್ರೆ ಮೊದಲು ಅದನ್ನ ನೋಡ್ಬೇಕು. ಎರಡೂ ಸೇತುವೆ ಅಷ್ಟೇ, ಆಮೇಲೆ ಟಿಪ್ಸ್ ಥರದ್ದು ಏನಾದ್ರೂ ಆಗಲೇಬೇಕು.

ಟಿಪ್ಸ್ ಅಂದ್ರೆ ಲಿವರಿನೊಳಗೇ ಸ್ಟೆಂಟ್ ಹಾಕಿ ಪೋರ್ಟಲ್ ರಕ್ತಕ್ಕೆ ಹೊಸ ದಾರಿ ಮಾಡ್ಕೊಡೋದು. ಲಿವರ್ ತುಂಬಾ ಹಾಳಾಗಿರೋರಲ್ಲಿ, ಅಂದ್ರೆ ಲಿವರ್ ಎಷ್ಟು ಹಾಳಾಗಿದೆ ಅಂತ ಅಳೆಯೋ ಚೈಲ್ಡ್ ಪ್ಯೂ ಸ್ಕೋರ್ 10ರಿಂದ 13 ಇರೋರಲ್ಲಿ, 72 ಗಂಟೆ ಒಳಗೆ ಮುಂಚಿತವಾಗಿ ಮಾಡಿದ್ರೆ ಬದುಕೋ ಸಾಧ್ಯತೆ ಜಾಸ್ತಿ ಅಂತ 2010ರ ಅಧ್ಯಯನ ತೋರಿಸ್ತು. ಶ್ವಾಸಕೋಶಕ್ಕೆ ಇದು ಎರಡೂ ಕಡೆ ಕೆಲಸ ಮಾಡತ್ತೆ: ಲಿವರಿನಿಂದ ಪದೇ ಪದೇ ಎದೆಯಲ್ಲಿ ನೀರು ತುಂಬೋರಿಗೆ ಅದು ಕಡಿಮೆ ಆಗ್ಬಹುದು, ಆದ್ರೆ ಒಮ್ಮೆಲೇ ಅಷ್ಟೊಂದು ರಕ್ತ ಹಾರ್ಟಿಗೆ ನುಗ್ಗೋದ್ರಿಂದ ಹಾರ್ಟ್ ಫೇಲ್ಯೂರ್ ಇರೋರಿಗೆ, ಶ್ವಾಸಕೋಶದ ನಾಳದಲ್ಲಿ ಒತ್ತಡ ತುಂಬಾ ಜಾಸ್ತಿ ಇರೋರಿಗೆ ಮಾಡೋ ಹಾಗಿಲ್ಲ. ಅದಕ್ಕೇ ಮೊದಲು ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್. ಟಿಪ್ಸ್ ಆದ್ಮೇಲೆ ಮಂಕು ಕವಿಯೋದು ಹೆಚ್ಚಾಗತ್ತೆ, ಮಂಕಾದೋರಿಗೆ ಬಾಯಿಂದ ತಿನ್ನಿಸೋವಾಗ ಉಸಿರಿನ ಕೊಳವೆಗೆ ಇಳಿಯೋ ಅಪಾಯ ಇರತ್ತೆ.

ಡ್ರಿಪ್ಪಿನಲ್ಲಿ ಹೋಗೋದೂ ಲಂಗ್ಸ್‌ಗೆ ಮುಟ್ಟತ್ತೆ

ಸ್ಕೋಪಿನ ಜೊತೆಗೇ 2ರಿಂದ 5 ದಿನ ಪೋರ್ಟಲ್ ಒತ್ತಡ ಇಳಿಸೋ ಔಷಧಿ ಕೊಡ್ತಾರೆ, ಟೆರ್ಲಿಪ್ರೆಸಿನ್ ಅಥವಾ ಆಕ್ಟ್ರಿಯೋಟೈಡ್ ಅಥವಾ ಸೊಮಾಟೋಸ್ಟಾಟಿನ್. ರಕ್ತ ನಿಲ್ಲಿಸೋದ್ರಲ್ಲಿ ಮೂರೂ ಹತ್ತಿರ ಹತ್ತಿರ. ಆದ್ರೆ ಟೆರ್ಲಿಪ್ರೆಸಿನ್ ಶ್ವಾಸಕೋಶದಲ್ಲಿ ನೀರು ತುಂಬಿಸ್ಬಹುದು. ಲಿವರ್ ರೋಗಿಗಳ ಕಿಡ್ನಿ ಫೇಲ್ಯೂರ್‌ಗೆ ಅದನ್ನ ಕೊಟ್ಟ 2021ರ ಅಧ್ಯಯನದಲ್ಲಿ ಉಸಿರಾಟದ ತೊಂದರೆಯಿಂದ ಸತ್ತೋರು ಟೆರ್ಲಿಪ್ರೆಸಿನ್ ಗುಂಪಲ್ಲಿ 100ಕ್ಕೆ 11, ಆ ಔಷಧಿ ಕೊಡದ ಗುಂಪಲ್ಲಿ 100ಕ್ಕೆ 2. ಅಮೆರಿಕದ ಎಫ್‌ಡಿಎ 2022ರಲ್ಲಿ ಅದಕ್ಕೆ ಒಪ್ಪಿಗೆ ಕೊಡೋವಾಗಲೇ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದ್ರೆ ಔಷಧಿಯ ಮೇಲೆ ಹಾಕೋ ಅತಿ ಗಂಭೀರ ಎಚ್ಚರಿಕೆ, ಹಾಕ್ತು. ಅದು ಬೇರೆ ಥರದ ರೋಗಿಗಳು, ಕೊಡೋ ದಿನಗಳೂ ಬೇರೆ, ಹಾಗಾಗಿ ರಕ್ತವಾಂತಿಗೆ ಅದೇ ಲೆಕ್ಕ ನೇರವಾಗಿ ಹಚ್ಚೋಕಾಗಲ್ಲ. ಆದ್ರೂ ಸ್ಯಾಚುರೇಷನ್ 90ರ ಕೆಳಗಿರೋ ರೋಗಿಗೆ, ಮೈಯಲ್ಲಿ ನೀರು ತುಂಬಿರೋ ರೋಗಿಗೆ ಆಕ್ಟ್ರಿಯೋಟೈಡ್ ಆಗತ್ತಾ ಅಂತ ಕೇಳೋದ್ರಲ್ಲಿ ತಪ್ಪೇನಿಲ್ಲ.

ರಕ್ತ ಕೊಡೋದ್ರಲ್ಲೂ ಹಾಗೇ. ಎಷ್ಟು ವಾಂತಿ ಆಯ್ತೋ ಅಷ್ಟೂ ತುಂಬಿಸಿ ಅಂತ ಮನೆಯವರು ಒತ್ತಾಯ ಮಾಡ್ತಾರೆ, ಪ್ರೀತಿಯಿಂದಲೇ ಮಾಡೋದು. ಆದ್ರೆ ಹಿಮೋಗ್ಲೋಬಿನ್ 7ರ ಆಸುಪಾಸು ಇಟ್ಕೊಂಡ್ರೆ ಸಾಕು, ಹೆಚ್ಚು ತುಂಬಿಸಿದ್ರೆ ಪೋರ್ಟಲ್ ಒತ್ತಡ ಏರಿ ಮತ್ತೆ ರಕ್ತಸ್ರಾವ ಆಗತ್ತೆ ಅನ್ನೋದು 2013ರ ದೊಡ್ಡ ಅಧ್ಯಯನದಲ್ಲಿ ಗೊತ್ತಾಯ್ತು, ಲಂಗ್ಸ್‌ನಲ್ಲಿ ನೀರು ನಿಲ್ಲೋದೂ ಜಾಸ್ತಿ. ರಕ್ತ ಏರಿಸಿದ 6 ಗಂಟೆ ಒಳಗೆ ಹೊಸದಾಗಿ ಉಸಿರು ಕಟ್ಟಿದ್ರೆ ಸ್ಕೋಪ್ ಮೇಲೆ ಗೂಬೆ ಕೂರಿಸೋದಕ್ಕೆ ಮುಂಚೆ ಆ ರಕ್ತದ ಬ್ಯಾಗನ್ನೂ ಅನುಮಾನದಿಂದ ನೋಡ್ಬೇಕು. ಆಂಟಿಬಯಾಟಿಕ್ ಮಾತ್ರ ಎಲ್ಲರಿಗೂ, ಸಾಮಾನ್ಯವಾಗಿ ಸೆಫ್ಟ್ರಯಾಕ್ಸೋನ್ ದಿನಕ್ಕೆ 1 ಗ್ರಾಂ.

ಸ್ಕೋಪ್ ಆದ ಮೇಲೆ ಯಾವುದು ಸಹಜ, ಯಾವುದು ಅಲ್ಲ

ಬ್ಯಾಂಡ್ ಆದ್ಮೇಲೆ ಒಂದೆರಡು ದಿನ ಎದೆ ನಡುವೆ ಹಿಂಡಿದಂಗೆ ನೋವು, ನುಂಗೋಕೆ ಕಷ್ಟ, ಇದು ಆಗೋದೇ. ಇಂಜೆಕ್ಷನ್ ಆದ್ರೆ ಅದರ ಜೊತೆ ಸಣ್ಣ ಜ್ವರನೂ ಒಂದು ದಿನ ಇರ್ಬಹುದು. ಜ್ವರ ಎರಡನೇ ದಿನಕ್ಕೂ ಇಳೀದೆ, ಎದೆ ನೋವು ಏರ್ತಾ, ಉಸಿರು ಎಳೆದಾಗ ಚುಚ್ತಾ, ಕುತ್ತಿಗೆ ಚರ್ಮ ಒತ್ತಿದ್ರೆ ಗರಗರ ಅಂತ ಗಾಳಿ ಸಿಕ್ಕಂಗೆ ಆದ್ರೆ ಅನ್ನನಾಳ ತೂತಾಗಿರೋ ಅನುಮಾನ, ಆಗ ಸಿಟಿ ಬೇಕು, ಎದೆಯಲ್ಲಿ ನೀರು ಇದ್ರೆ ಸೂಜಿ ಹಾಕಿ ತೆಗೆದು ಟೆಸ್ಟ್‌ಗೆ ಕಳಿಸ್ಬೇಕು. ಬಾಯಿಂದ ರಕ್ತ ಇಳಿದು ಆಗೋ ನ್ಯುಮೋನಿಯಾ ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ತಲೆ ಎತ್ತತ್ತೆ: ಜ್ವರ, ಕಫ, ಆಕ್ಸಿಜನ್ ಜಾಸ್ತಿ ಬೇಕಾಗೋದು, ಹೆಚ್ಚಾಗಿ ಬಲ ತಳಭಾಗದಲ್ಲಿ.

ಇಲ್ಲೊಂದು ಗೊಂದಲ ಪದೇ ಪದೇ ಆಗೋದು ನೋಡಿದೀನಿ. ಸಿರೋಸಿಸ್ ಇರೋರಿಗೆ ಸ್ಕೋಪ್‌ಗೂ ಮುಂಚೆನೇ ಎದೆಯಲ್ಲಿ ನೀರು ಇರ್ಬಹುದು, ಅದು ಹೆಚ್ಚಿನವರಲ್ಲಿ ಬಲಗಡೆ. ಸ್ಕೋಪ್ ಆದ್ಮೇಲೆ ಎಕ್ಸ್‌ರೇಯಲ್ಲಿ ನೀರು ಕಂಡಾಗ ಇದು ಹೊಸದಾ ಹಳೇದಾ ಅಂತ ಹೇಳೋಕೆ ಮುಂಚಿನ ಎಕ್ಸ್‌ರೇ ಬೇಕು. ಹಾಗಾಗಿ ಹಳೇ ಎಕ್ಸ್‌ರೇ, ಎಕೋ, ಸಿಟಿ ರಿಪೋರ್ಟ್‌ಗಳನ್ನ ಒಂದು ಫೈಲಲ್ಲಿ ಇಟ್ಕೊಂಡು ಆಸ್ಪತ್ರೆಗೆ ಬರೋವಾಗ ಕೈಯಲ್ಲಿ ಹಿಡ್ಕೊಂಡೇ ಬನ್ನಿ, ಫೋನಲ್ಲಿ ಫೋಟೋ ಇದ್ರೂ ಸಾಕು. ಆ ಒಂದು ಫೋಟೋದಿಂದ ಸುಮ್ಮನೆ ಎದೆಗೆ ಸೂಜಿ ಚುಚ್ಚೋದು ತಪ್ಪಿದ್ದನ್ನ ನಾನೇ ಕಂಡಿದೀನಿ. ಕೂತ್ರೆ ಉಸಿರು ಕಷ್ಟ, ಮಲಗಿದ್ರೆ ಆರಾಮ ಅನ್ನೋ ಥರ ಮುಂಚಿನಿಂದ ಇದ್ರೆ ಅದನ್ನೂ ಹೇಳಿ, ಅದು ಲಿವರಿನಿಂದಲೇ ಬರೋ ಬೇರೊಂದು ಶ್ವಾಸಕೋಶದ ತೊಂದರೆಯ ಗುರುತು.

ಮನೆಗೆ ಹೋಗೋವಾಗ ಕೊನೇ ಆಯ್ಕೆ ಒಂದು ಬರತ್ತೆ. ಮತ್ತೆ ರಕ್ತಸ್ರಾವ ಆಗದಂಗೆ ಬ್ಯಾಂಡ್ ಜೊತೆಗೆ ಪ್ರೊಪ್ರಾನೊಲಾಲ್ ಅಥವಾ ಕಾರ್ವೆಡಿಲಾಲ್ ಮಾತ್ರೆ ಕೊಡ್ತಾರೆ, ಎರಡೂ ಸೇರಿದ್ರೇ ಒಳ್ಳೇದು. ಆದ್ರೆ ಈ ಮಾತ್ರೆಗಳು ಆಸ್ತಮಾ ಇರೋರಿಗೆ ಶ್ವಾಸನಾಳ ಬಿಗಿಸಿಬಿಡತ್ತೆ. ಇನ್ಹೇಲರ್ ತಗೋತಿರೋದನ್ನ ತುಂಬಾ ಜನ ಡಾಕ್ಟರಿಗೆ ಹೇಳೋದೇ ಇಲ್ಲ, ಲಿವರ್ ಡಾಕ್ಟರಿಗೆ ಅದ್ಯಾಕೆ ಅಂತ. ದಯವಿಟ್ಟು ಹೇಳಿ. ಆಸ್ತಮಾ ಇದ್ರೆ ಮಾತ್ರೆ ಬಿಟ್ಟು ಬ್ಯಾಂಡ್ ಮೇಲೇ ಹೆಚ್ಚು ನಿಲ್ಬೇಕಾಗತ್ತೆ, ಹಾಗಾಗಿ 2ರಿಂದ 4 ವಾರಕ್ಕೊಮ್ಮೆ ಕೊಡೋ ಡೇಟ್ ಒಂದೂ ತಪ್ಪಿಸೋ ಹಾಗಿಲ್ಲ. ಬ್ಯಾಂಡ್ ಉದುರಿದ ಜಾಗದ ಹುಣ್ಣಿನಿಂದ ಮೊದಲ ಎರಡು ವಾರದಲ್ಲಿ ರಕ್ತ ಬರ್ಬಹುದು, ಮತ್ತೆ ವಾಂತಿ ಶುರು ಆದ್ರೆ ಬೆನ್ನ ಮೇಲೆ ಮಲಗಿಸ್ಬೇಡಿ, ಎಡ ಮಗ್ಗುಲಿಗೆ ತಿರುಗಿಸಿ, ಬಾಯಿ ಕೆಳಮುಖ ಇರ್ಲಿ, ನೀರು ಕುಡಿಸ್ಬೇಡಿ, ಗಾಡಿಯಲ್ಲಿ ಬರೋವಾಗಲೂ ಹಾಗೇ ಹಿಡ್ಕೊಂಡು ಬನ್ನಿ.